ಜ್ವರ: ರೋಗವೋ, ರೋಗದ ವಿರುದ್ಧದ ಹೋರಾಟವೋ?

ಮನೆಯಲ್ಲೊಂದು ಮಗುವಿಗೆ ಜ್ವರ ಬಂದಿತೆಂದು ಭಾವಿಸೋಣ. ಅಜ್ಜಿ ಹಣೆ ಮುಟ್ಟಿ ನೋಡಿ, ಕಂಬಳಿ ಹೊದೆಸಿ, ಬೆವರಿದರೆ ತಾನೇ ಇಳಿಯುತ್ತದೆ ಎನ್ನುತ್ತಾರೆ. ತಾಯಿ ಒದ್ದೆ ಬಟ್ಟೆ ಹಣೆಯ ಮೇಲಿಡುತ್ತಾಳೆ. ತಂದೆ ಮೆಡಿಕಲ್ ಶಾಪಿಗೆ ಓಡಿ ಜ್ವರದ ಸಿರಪ್ ತರುತ್ತಾನೆ. ನೋಡಲು ಬಂದ ನೆರೆಮನೆಯವರು, ಎರಡು ದಿನ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ಹೇಳಿ ಹೋಗುತ್ತಾರೆ. ಮಗು ಒಂದೇ, ಜ್ವರವೂ ಒಂದೇ. ಆದರೆ ಅದನ್ನು ಏನು ಮಾಡಬೇಕೆಂಬುದರಲ್ಲಿ ನಾಲ್ವರದು ನಾಲ್ಕು ದಾರಿ.

ಈ ನಾಲ್ಕೂ ದಾರಿಗಳು ಇಂದು ನಿನ್ನೆ ಹುಟ್ಟಿದವಲ್ಲ. ಪ್ರತಿಯೊಂದರ ಹಿಂದೆಯೂ ನೂರಾರು ವರ್ಷಗಳ, ಕೆಲವು ಕಡೆ ಎರಡು ಸಾವಿರ ವರ್ಷಗಳ ಚಿಂತನೆಯಿದೆ. ಮೈ ಬಿಸಿಯಾಗುವುದು ರೋಗವೇ, ಅಥವಾ ರೋಗವನ್ನು ಹೊರಹಾಕಲು ದೇಹ ನಡೆಸುವ ಪ್ರಯತ್ನವೇ? ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುವುದು ಹಾನಿಯೇ, ರಕ್ಷಣೆಯೇ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಕಾಲಗಳಲ್ಲಿ ಜನರು ರೋಗದಿಂದಷ್ಟೇ ಅಲ್ಲ, ಚಿಕಿತ್ಸೆಯಿಂದಲೂ ಸತ್ತಿದ್ದಾರೆ. ಆದ್ದರಿಂದ ಈ ಚರಿತ್ರೆಯನ್ನು ತಿಳಿದುಕೊಳ್ಳುವುದು ಬರೀ ಕುತೂಹಲದ ವಿಷಯವಲ್ಲ.

ನಾಲ್ಕು ಲಕ್ಷಣಗಳು

ಒಂದನೇ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ವಿದ್ವಾಂಸರು ಲ್ಯಾಟಿನ್ ಭಾಷೆಯಲ್ಲಿ ವೈದ್ಯಗ್ರಂಥವೊಂದನ್ನು ಬರೆದರು. ಉರಿಯೂತಕ್ಕೆ ನಾಲ್ಕು ಲಕ್ಷಣಗಳಿವೆ ಎಂದು ಅವರು ಗುರುತಿಸಿದರು: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲೇ ಈ ನಾಲ್ಕನ್ನು ಬಾಯಿಪಾಠ ಮಾಡುತ್ತಾರೆ. ಎರಡು ಸಾವಿರ ವರ್ಷ ಕಳೆದರೂ ಅದರಲ್ಲಿ ತಿದ್ದುವಂಥದ್ದೇನೂ ಸಿಕ್ಕಿಲ್ಲ. ಕಣ್ಣಿಗೆ ಕಂಡದ್ದನ್ನು ಅಷ್ಟು ನಿಖರವಾಗಿ ಬರೆದಿಟ್ಟಿದ್ದರು.

ಆದರೆ ಕಾಣುವುದು ಬೇರೆ, ಕಾರಣ ಹೇಳುವುದು ಬೇರೆ. ಗ್ರೀಕ್ ವೈದ್ಯರ ಪ್ರಕಾರ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಮತೋಲನವೇ ಆರೋಗ್ಯ. ಅದು ತಪ್ಪಿದಾಗ ರೋಗ. ಹಿಪೊಕ್ರೆಟಿಸ್ ಪರಂಪರೆಯವರು ಜ್ವರವನ್ನು ಪೂರ್ತಿ ಶತ್ರುವೆಂದು ನೋಡಲಿಲ್ಲ. ಕೆಟ್ಟ ರಸವನ್ನು ದೇಹ ತನ್ನ ಶಾಖದಿಂದ ಬೇಯಿಸಿ, ಪಕ್ವಗೊಳಿಸಿ, ಬೆವರು, ಮೂತ್ರ, ಕೀವಿನ ಮೂಲಕ ಹೊರಹಾಕುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಅಜ್ಜಿಯ ಕಂಬಳಿಯ ಹಿಂದಿರುವುದು ಇಂಥದೇ ಒಂದು ತರ್ಕ. ಎರಡನೇ ಶತಮಾನದ ಗ್ಯಾಲೆನ್ ಈ ವಿಚಾರಗಳನ್ನೆಲ್ಲ ಕೂಡಿಸಿ ದೊಡ್ಡ ಶಾಸ್ತ್ರವನ್ನಾಗಿ ಕಟ್ಟಿದರು. ಮುಂದಿನ ಸಾವಿರದ ಐನೂರು ವರ್ಷ ಅವರ ಮಾತೇ ಪ್ರಮಾಣವಾಯಿತು.

ಭಾರತದಲ್ಲೂ ವೈದ್ಯರ ಗಮನ ಮೊದಲು ಹರಿದದ್ದು ಜ್ವರದ ಕಡೆಗೇ. ಚರಕ ಸಂಹಿತೆಯ ನಿದಾನಸ್ಥಾನ ಆರಂಭವಾಗುವುದು ಜ್ವರದಿಂದ. ಅದರ ಹುಟ್ಟನ್ನು ಹೇಳುವಾಗ ರುದ್ರನ ಕೋಪದ ಪುರಾಣ ಬರುತ್ತದೆ. ಆದರೆ ಚಿಕಿತ್ಸೆಯ ಮಾತು ಬಂದಾಗ ಪುರಾಣ ಬದಿಗೆ ಸರಿಯುತ್ತದೆ. ಹೊಟ್ಟೆಯಲ್ಲಿರಬೇಕಾದ ಅಗ್ನಿ ಅಲ್ಲಿಂದ ಹೊರಬಿದ್ದು ಮೈಯೆಲ್ಲ ಹರಡಿದಾಗ ಜ್ವರ ಬರುತ್ತದೆ, ಆದ್ದರಿಂದ ಮೊದಲ ದಿನಗಳಲ್ಲಿ ಲಂಘನ, ಅನಂತರ ತೆಳು ಗಂಜಿ ಎಂಬುದು ಅದರ ಕ್ರಮ. ನೆರೆಮನೆಯವರ ಗಂಜಿಯ ಸಲಹೆಗೆ ಇಷ್ಟು ಹಳೆಯ ವಂಶಾವಳಿ ಇದೆ.

ಬಗ್ದಾದಿನ ಆಸ್ಪತ್ರೆಗಳಲ್ಲಿ

ಗ್ರೀಕರ ಜ್ಞಾನವೂ ಭಾರತದ ಜ್ಞಾನವೂ ಒಂದೇ ಮೇಜಿನ ಮೇಲೆ ಬಂದು ಸೇರಿದ್ದು ಅಬ್ಬಾಸಿಯ ಖಲೀಫರ ಬಗ್ದಾದಿನಲ್ಲಿ. ಒಂಬತ್ತನೇ ಶತಮಾನದಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಅವರ ಸಂಗಡಿಗರು ಗ್ಯಾಲೆನ್‌ರ ನೂರಕ್ಕೂ ಹೆಚ್ಚು ಕೃತಿಗಳನ್ನು ಸಿರಿಯಕ್ ಮತ್ತು ಅರಬಿ ಭಾಷೆಗಳಿಗೆ ತಂದರು. ಹುನೈನ್ ಕ್ರೈಸ್ತರು. ಅವರಿಂದ ಅನುವಾದ ಮಾಡಿಸಿಕೊಂಡವರಲ್ಲಿ ಮುಸ್ಲಿಮರೂ ಇದ್ದರು. ಸುಶ್ರುತ ಸಂಹಿತೆಯಂಥ ಸಂಸ್ಕೃತ ಗ್ರಂಥಗಳೂ ಅರಬಿಗೆ ಬಂದವು. ವಿದ್ಯೆಗೆ ಯಾರ ಮನೆಯದೆಂಬ ಚೀಟಿ ಅಂಟಿಸುವ ಅಭ್ಯಾಸ ಆಗ ಅಷ್ಟಾಗಿ ಇರಲಿಲ್ಲ.

ಈ ನೆಲದಲ್ಲಿ ಬೆಳೆದವರು ಅಬೂಬಕರ್ ಮುಹಮ್ಮದ್ ಇಬ್ನು ಝಕರಿಯ್ಯಾ ಅಲ್ ರಾಝಿ. ಇಂದಿನ ಟೆಹರಾನಿನ ಬಳಿಯ ರಯ್ ನಗರದಲ್ಲಿ ಒಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಅವರು ರಯ್ ಮತ್ತು ಬಗ್ದಾದ್‌ಗಳ ಆಸ್ಪತ್ರೆಗಳಲ್ಲಿ ಮುಖ್ಯ ವೈದ್ಯರಾಗಿದ್ದರು. ಅವರ ಟಿಪ್ಪಣಿಗಳ ಬೃಹತ್ ಸಂಗ್ರಹ 'ಅಲ್ ಹಾವಿ'ಯಲ್ಲಿ ಗ್ರೀಕ್ ವೈದ್ಯರ ಜತೆಗೆ ಚರಕ, ಸುಶ್ರುತರ ಹೆಸರುಗಳೂ ಬರುತ್ತವೆ.

ಸಿಡುಬು ಮತ್ತು ದಡಾರ ಎರಡರಲ್ಲೂ ಮೊದಲು ಜ್ವರ, ಆಮೇಲೆ ಮೈಮೇಲೆ ಗುಳ್ಳೆ. ಎರಡನ್ನೂ ಬೇರ್ಪಡಿಸಿ ಸ್ಪಷ್ಟವಾಗಿ ವಿವರಿಸಿದ ಮೊದಲ ಗ್ರಂಥ ರಾಝಿಯವರ 'ಕಿತಾಬುಲ್ ಜುದರಿ ವಲ್ ಹಸ್ಬಾ'. ಗುಳ್ಳೆ ಏಳುವ ಮೊದಲೇ ರೋಗವನ್ನು ಗುರುತಿಸಲು ಅವರು ಜ್ವರದ ಜತೆಗಿನ ಚಿಹ್ನೆಗಳನ್ನು ಪಟ್ಟಿ ಮಾಡಿದರು. ಬೆನ್ನುನೋವು, ಮೂಗಿನ ತುರಿಕೆ, ನಿದ್ದೆಯಲ್ಲಿ ಬೆಚ್ಚಿಬೀಳುವುದು ಇತ್ಯಾದಿ. ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು, ತಳಮಳ ಮತ್ತು ವಾಕರಿಕೆ ದಡಾರದಲ್ಲಿ ಹೆಚ್ಚು ಎಂದರು. ಸಿಡುಬು ಮಕ್ಕಳಿಗೆ ಏಕೆ ಬರುತ್ತದೆಂಬುದಕ್ಕೆ ಅವರು ಕೊಟ್ಟ ಕಾರಣ ಕುತೂಹಲಕರ. ಹೊಸ ದ್ರಾಕ್ಷಾರಸ ಹುದುಗುವಂತೆ ಎಳೆಯ ರಕ್ತವೂ ಹುದುಗಿ ಪಕ್ವವಾಗುತ್ತದೆ, ಆಗ ಸಿಡುಬು ಏಳುತ್ತದೆ ಎಂದರು. ಇದು ತಪ್ಪು ಕಾರಣ. ಆದರೆ ಜ್ವರ ಹೊರಗಿನಿಂದ ಬಂದು ಮೈ ಹೊಕ್ಕ ಪಿಶಾಚಿಯಲ್ಲ, ದೇಹದೊಳಗೆ ನಡೆಯುವ ಕ್ರಿಯೆ ಎಂಬ ನೋಟ ಅದರಲ್ಲಿದೆ.

ರಾಝಿಯವರ ಇನ್ನೊಂದು ಗುಣವನ್ನು ನಾವು ಹೆಚ್ಚು ನೆನೆಯಬೇಕು. ಗ್ಯಾಲೆನ್‌ರನ್ನು ಗುರುವೆಂದು ಗೌರವಿಸುತ್ತಲೇ ಅವರ ಬಗೆಗಿನ ಸಂದೇಹಗಳಿಗೆ ಪ್ರತ್ಯೇಕ ಗ್ರಂಥವನ್ನೇ ಬರೆದರು. ಜ್ವರದ ಗತಿಯ ಬಗ್ಗೆ ಗುರು ಬರೆದದ್ದಕ್ಕೂ ತಾವು ಆಸ್ಪತ್ರೆಯಲ್ಲಿ ಕಂಡದ್ದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮಿದುಳಿನ ಪೊರೆಯ ಉರಿಯೂತದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಸಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿದ್ದಾಗಿಯೂ ಬರೆದಿಟ್ಟಿದ್ದಾರೆ. ರಕ್ತ ತೆಗೆಸಿದ್ದು ಒಳ್ಳೆಯದಾಯಿತೆಂದೇ ಅವರು ತೀರ್ಮಾನಿಸಿದರು. ತೀರ್ಮಾನ ನಿಲ್ಲಲಿಲ್ಲ. ಆದರೆ ಎರಡು ಗುಂಪು ಮಾಡಿ ಹೋಲಿಸುವ ಆ ಕ್ರಮ ಮುಂದೆ ಅದೇ ತೀರ್ಮಾನವನ್ನು ಅಳಿಸಿಹಾಕುವ ಸಾಧನವಾಯಿತು. ಅದನ್ನು ಮುಂದೆ ನೋಡೋಣ.

ರಾಝಿಯವರ ಅನಂತರ ಬಂದ ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದ ನಾಲ್ಕನೇ ಭಾಗವನ್ನು ಜ್ವರಗಳಿಂದಲೇ ಆರಂಭಿಸಿದರು. ಜ್ವರವೆಂದರೆ ಹೃದಯದಲ್ಲಿ ಹೊತ್ತಿಕೊಂಡು ರಕ್ತನಾಳಗಳ ಮೂಲಕ ಮೈಯೆಲ್ಲ ಹರಡುವ, ದೇಹಕ್ಕೆ ಸಹಜವಲ್ಲದ ಶಾಖ ಎಂದು ವ್ಯಾಖ್ಯಾನಿಸಿದರು. ಒಂದು ದಿನದ ಜ್ವರ, ರಸಗಳು ಕೊಳೆತು ಬರುವ ಜ್ವರ, ಮೈಯನ್ನು ಸವೆಸುವ ಕ್ಷಯದ ಜ್ವರ ಎಂದು ವಿಂಗಡಿಸಿದರು. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಈ ಗ್ರಂಥ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ವಿಶ್ವವಿದ್ಯಾಲಯಗಳ ಪಠ್ಯವಾಯಿತು. ನಮ್ಮ ದೇಶದ ಯುನಾನಿ ಹಕೀಮರ ಜ್ವರ ವಿಚಾರವೂ ಇದೇ ಬೇರಿನದು.

ರಕ್ತ ಹರಿದ ಕಾಲ

ಮಹಾನುಭಾವರ ಗ್ರಂಥಗಳಿಗೆ ಒಂದು ಅಪಾಯವಿದೆ. ಬರೆದವರು ಪ್ರಶ್ನೆ ಕೇಳಿದ್ದರೂ ಓದುವವರು ಕೇಳುವುದನ್ನು ಬಿಟ್ಟುಬಿಡುತ್ತಾರೆ. ಜ್ವರವೆಂದರೆ ಕೆಟ್ಟ ಶಾಖ, ಉರಿಯೂತವೆಂದರೆ ಒಂದೆಡೆ ಜಮೆಯಾದ ಹೆಚ್ಚುವರಿ ರಕ್ತ ಎಂದಾದ ಮೇಲೆ ಔಷಧ ಸುಲಭವಾಯಿತು. ನಾಳ ಕತ್ತರಿಸಿ ರಕ್ತ ಹರಿಸಿದರಾಯಿತು!

1793ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಹರಡಿತು. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ನಗರದಲ್ಲಿ ಸುಮಾರು ಐದು ಸಾವಿರ ಮಂದಿ ಸತ್ತರು. ಪ್ರಸಿದ್ಧ ವೈದ್ಯ ಬೆಂಜಮಿನ್ ರಶ್ ಊರು ಬಿಟ್ಟು ಓಡಲಿಲ್ಲ. ಹಗಲಿರುಳು ರೋಗಿಗಳ ಮನೆಗಳಿಗೆ ಹೋದರು. ಹೋದಲ್ಲೆಲ್ಲ ಬಲವಾದ ಭೇದಿ ಮದ್ದು ಕೊಟ್ಟರು, ಬಟ್ಟಲುಗಟ್ಟಲೆ ರಕ್ತ ತೆಗೆದರು. ದೇಹದಲ್ಲಿ ನಿಜಕ್ಕೂ ಇರುವುದಕ್ಕಿಂತ ಎಷ್ಟೋ ಹೆಚ್ಚು ರಕ್ತವಿದೆಯೆಂದು ಅವರು ನಂಬಿದ್ದರು. ತಮಗೇ ಜ್ವರ ಬಂದಾಗ ತಮ್ಮ ರಕ್ತವನ್ನೂ ತೆಗೆಸಿಕೊಂಡರು. ಅವರ ಪ್ರಾಮಾಣಿಕತೆಯನ್ನಾಗಲಿ ಧೈರ್ಯವನ್ನಾಗಲಿ ಸಂಶಯಿಸುವಂತಿಲ್ಲ. ಸಂಶಯಿಸಬೇಕಾಗಿದ್ದುದು ಅವರ ಸಿದ್ಧಾಂತವನ್ನು.

ಆರು ವರ್ಷಗಳ ಬಳಿಕ, 1799ರ ಡಿಸೆಂಬರಿನಲ್ಲಿ, ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಗಂಟಲಿನ ಉರಿಯೂತದಿಂದ ಮಲಗಿದರು. ಒಂದೇ ದಿನದೊಳಗೆ ಅವರಿಂದ ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆಯಲಾಯಿತು. ಅದೇ ರಾತ್ರಿ ಅವರು ತೀರಿಕೊಂಡರು. ದೇಶದ ಅತ್ಯಂತ ಗಣ್ಯ ವ್ಯಕ್ತಿಗೆ ಆ ಕಾಲದ ಅತ್ಯುತ್ತಮ ಚಿಕಿತ್ಸೆಯೇ ದೊರೆತಿತ್ತು ಎಂಬುದನ್ನು ಮರೆಯಬಾರದು.

ಇದಕ್ಕೆ ತಡೆ ಬಿದ್ದದ್ದು ಎಣಿಕೆಯಿಂದ. ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ ನ್ಯುಮೋನಿಯಾದ 77 ರೋಗಿಗಳ ದಾಖಲೆಗಳನ್ನು ಹರಡಿಕೊಂಡು ಕುಳಿತರು. ರೋಗದ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡವರಲ್ಲಿ ಶೇಕಡಾ 44ರಷ್ಟು ಮಂದಿ ಸತ್ತಿದ್ದರು. ತಡವಾಗಿ ತೆಗೆಸಿಕೊಂಡವರಲ್ಲಿ ಸತ್ತವರು ಶೇಕಡಾ 25. 1835ರಲ್ಲಿ ಅವರ ಪುಸ್ತಕ ಹೊರಬಂತು. ರಾಝಿಯವರು ಒಂಬೈನೂರು ವರ್ಷಗಳ ಹಿಂದೆ ಮಾಡಿದಂತೆ ಗುಂಪು ಮಾಡಿ ಹೋಲಿಸುವ ಕ್ರಮವೇ ಇದು. ಈ ಬಾರಿ ಅದರ ಜತೆಗೆ ಲೆಕ್ಕವೂ ಇತ್ತು. ರಕ್ತ ತೆಗೆಯುವ ಪದ್ಧತಿ ಒಮ್ಮೆಲೇ ನಿಲ್ಲಲಿಲ್ಲವಾದರೂ ಅದರ ಬುಡ ಅಲುಗಾಡಿತು.

ಮುಳ್ಳು ಚುಚ್ಚಿದ ನಕ್ಷತ್ರಮೀನು

ಉರಿಯೂತವೇ ರೋಗವಲ್ಲ ಎಂಬ ಮಾತು ಅಷ್ಟರಲ್ಲಿ ಬೇರೊಂದು ಕಡೆಯಿಂದ ಕೇಳಿಬಂದಿತ್ತು. ಹೇಳಿದವರು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. ಸೈನ್ಯದಲ್ಲಿದ್ದಾಗ ಗುಂಡೇಟಿನ ಗಾಯಗಳನ್ನು ಬಹಳವಾಗಿ ಕಂಡವರು. ಅವರು ತೀರಿಕೊಂಡ ಮರುವರ್ಷ, 1794ರಲ್ಲಿ, ಪ್ರಕಟವಾದ ಗ್ರಂಥದಲ್ಲಿ ಉರಿಯೂತವೆಂಬುದು ಏಟಿಗೋ ರೋಗಕ್ಕೋ ದೇಹ ಕೊಡುವ ಉತ್ತರ, ಅದರ ಉದ್ದೇಶ ಗುಣಪಡಿಸುವುದು ಎಂದು ವಾದಿಸಿದ್ದರು. ಆದರೆ ದೇಹ ಆ ಉತ್ತರವನ್ನು ಕೊಡುವುದು ಹೇಗೆ? ಅದನ್ನು ನೋಡಲು ಒಳ್ಳೆಯ ಸೂಕ್ಷ್ಮದರ್ಶಕ ಬೇಕಾಗಿತ್ತು.

1867ರಲ್ಲಿ ಜರ್ಮನಿಯ ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿ ಗಂಟೆಗಟ್ಟಲೆ ನೋಡಿದರು. ಉರಿಯೂತ ಶುರುವಾದಾಗ ರಕ್ತನಾಳಗಳು ಅಗಲವಾದವು. ರಕ್ತದ ಓಟ ನಿಧಾನವಾಯಿತು. ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಂಡು, ಆಮೇಲೆ ಗೋಡೆಯನ್ನೇ ತೂರಿ ಹೊರಗೆ ನಡೆದವು. ಗಾಯದಲ್ಲಿ ಸೇರುವ ಕೀವು ಎಲ್ಲಿಂದ ಬರುತ್ತದೆಂಬುದು ಹೀಗೆ ತಿಳಿಯಿತು. ಆದರೆ ಈ ಕಣಗಳು ಹೊರಗೆ ಹೋಗಿ ಮಾಡುವುದೇನು? ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದೇ ಆ ಕಾಲದ ಅನೇಕ ವಿದ್ವಾಂಸರು ತಿಳಿದಿದ್ದರು. ಕಾಯಲು ಹೊರಟ ಸೈನಿಕರನ್ನೇ ಕಳ್ಳರೆಂದು ಬಗೆದ ಹಾಗೆ!

ಈ ತಪ್ಪನ್ನು ತಿದ್ದಿದವರು ವೈದ್ಯರಲ್ಲ, ಒಬ್ಬ ಪ್ರಾಣಿಶಾಸ್ತ್ರಜ್ಞ. ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ ಬಂದು ನೆಲೆಸಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ಒಂದು ದಿನ ಒಬ್ಬರೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಅವು ಗಾಜಿನಂತೆ ಪಾರದರ್ಶಕ. ಒಳಗೆ ಅಲೆದಾಡುವ ಕೋಶಗಳು ಹೊರಗಿನಿಂದಲೇ ಕಾಣುತ್ತವೆ. ಈ ಕೋಶಗಳು ಆಕ್ರಮಣಕಾರರನ್ನು ಎದುರಿಸಲೆಂದೇ ಇದ್ದರೆ, ಮುಳ್ಳು ಚುಚ್ಚಿದಾಗ ಅದರ ಸುತ್ತ ಗುಂಪುಗೂಡಬೇಕಲ್ಲವೇ ಎಂದು ಅವರಿಗೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಯ ಮೈಗೆ ಚುಚ್ಚಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ನಕ್ಷತ್ರಮೀನಿನ ಮರಿಗೆ ರಕ್ತನಾಳಗಳಿಲ್ಲ. ಆದ್ದರಿಂದ ಉರಿಯೂತದ ತಿರುಳು ಕೆಂಪಾಗುವುದಲ್ಲ, ಊದುವುದೂ ಅಲ್ಲ, ಕಾವಲು ಕೋಶಗಳು ಬಂದು ಸೇರುವುದು ಎಂದಾಯಿತು. ಮುಂದೆ ನೀರುಚಿಗಟವೊಂದರ ದೇಹದಲ್ಲಿ ಶಿಲೀಂಧ್ರದ ಬೀಜಾಣುಗಳನ್ನು ಈ ಕೋಶಗಳು ನುಂಗುವುದನ್ನೂ ಅವರು ಕಂಡರು. ನುಂಗಿ ಮುಗಿಸಿದರೆ ಪ್ರಾಣಿ ಬದುಕಿತು, ನುಂಗಲಾಗದಿದ್ದರೆ ಸತ್ತಿತು. ಇವುಗಳಿಗೆ ಭಕ್ಷಕ ಕೋಶಗಳೆಂದು ಹೆಸರಾಯಿತು. 1908ರಲ್ಲಿ ಮೆಚ್ನಿಕಾಫ್‌ರಿಗೆ ಪೌಲ್ ಎರ್ಲಿಕ್‌ರ ಜತೆ ನೊಬೆಲ್ ಪ್ರಶಸ್ತಿ ಬಂತು. ಸೆಲ್ಸಸ್ ಪಟ್ಟಿ ಮಾಡಿದ ನಾಲ್ಕು ಲಕ್ಷಣಗಳಿಗೂ ಈಗ ಅರ್ಥ ಸಿಕ್ಕಿತು. ನಾಳಗಳು ಹಿಗ್ಗಿ ರಕ್ತ ಹೆಚ್ಚು ಬರುವುದರಿಂದ ಕೆಂಪು ಮತ್ತು ಬಿಸಿ. ನಾಳದಿಂದ ದ್ರವವೂ ಕೋಶಗಳೂ ಸೋರುವುದರಿಂದ ಊತ. ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನರಗಳನ್ನು ಕೆರಳಿಸುವುದರಿಂದ ನೋವು.

ಅಂಕಿಯಾದ ಜ್ವರ

ಗಾಯದ ಉರಿಯೂತ ಹೀಗೆ ಅರ್ಥವಾಗುತ್ತಿದ್ದಾಗ ಇಡೀ ಮೈಯ ಜ್ವರದ ಕತೆ ಬೇರೆ ದಿಕ್ಕಿನಲ್ಲಿ ಸಾಗುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಮೈಬಿಸಿಯನ್ನು ಅಳೆದು 1868ರಲ್ಲಿ ಗ್ರಂಥ ಪ್ರಕಟಿಸಿದರು. ಸಹಜ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್ ಎಂಬ ಅಂಕಿ ನಮ್ಮೆಲ್ಲರ ಬಾಯಿಗೆ ಬಂದದ್ದು ಅವರಿಂದ. ಅವರ ಥರ್ಮಾಮೀಟರ್ ಸುಮಾರು ಒಂದಡಿ ಉದ್ದವಿತ್ತು. ಕಂಕುಳಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ಇಡಬೇಕಾಗಿತ್ತು. ಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ ಆರಿಂಚಿನ, ಐದು ನಿಮಿಷದಲ್ಲಿ ಬಿಸಿ ತೋರಿಸುವ ಥರ್ಮಾಮೀಟರ್ ರೂಪಿಸಿದರು. ಜ್ವರ ಮನೆಮನೆಯ ಅಂಕಿಯಾಯಿತು.

ಜ್ವರ ಸ್ವತಃ ರೋಗವಲ್ಲ, ರೋಗದ ಲಕ್ಷಣ ಎಂದೇ ವುಂಡರ್‌ಲಿಖ್ ಹೇಳಿದ್ದರು. 1875ರಲ್ಲಿ ಕಾರ್ಲ್ ಲೀಬರ್‌ಮೈಸ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜ್ವರದಲ್ಲಿ ದೇಹದ ಉಷ್ಣ ನಿಯಂತ್ರಣ ಕೆಟ್ಟುಹೋಗಿರುವುದಿಲ್ಲ, ದೇಹವೇ ತನ್ನ ಮಟ್ಟವನ್ನು ಮೇಲಕ್ಕೆ ಏರಿಸಿಕೊಂಡಿರುತ್ತದೆ ಎಂದರು. ಜ್ವರ ಏರುವಾಗ ಚಳಿ ಏಕೆ ಎಂಬ ಒಗಟು ಇದರಿಂದ ಬಿಡಿಸಿಕೊಂಡಿತು. ಮಿದುಳು 39 ಡಿಗ್ರಿ ಬೇಕೆಂದು ನಿರ್ಧರಿಸಿದಾಗ 37 ಡಿಗ್ರಿಯ ಮೈ ಅದಕ್ಕೆ ತಣ್ಣಗಿದೆ ಎನಿಸುತ್ತದೆ. ಆದ್ದರಿಂದ ನಡುಕ, ಆದ್ದರಿಂದ ಕಂಬಳಿಯ ಬಯಕೆ. ಮಟ್ಟ ಮತ್ತೆ ಕೆಳಗಿಳಿದಾಗ ಬೆವರು. ಅಂದರೆ ಬೆವರಿದ್ದರಿಂದ ಜ್ವರ ಬಿಡುವುದಲ್ಲ, ಜ್ವರ ಬಿಡುತ್ತಿರುವುದರಿಂದ ಬೆವರುವುದು. ಅಜ್ಜಿಯ ಕಂಬಳಿಗೆ ಇಷ್ಟೊಂದು ತಿದ್ದುಪಡಿ ಬೇಕಾಯಿತು.

ವಿಚಿತ್ರವೆಂದರೆ ಇಷ್ಟು ತಿಳಿದ ಲೀಬರ್‌ಮೈಸ್ಟರ್ ಕೂಡಾ ಬಿಸಿಯೇ ಅಪಾಯವೆಂದು ಹೆದರಿ ರೋಗಿಗಳನ್ನು ತಣ್ಣೀರಲ್ಲಿ ಮುಳುಗಿಸುವ ಚಿಕಿತ್ಸೆಯ ಪರವಾಗಿದ್ದರು. ಅಂಕಿ ಕೈಗೆ ಸಿಕ್ಕಿದ ಮೇಲೆ ಅದನ್ನು ಇಳಿಸದೆ ಇರಲು ಮನುಷ್ಯನಿಂದ ಆಗುವುದಿಲ್ಲ. 1886ರಲ್ಲಿ ಸ್ಟ್ರಾಸ್‌ಬರ್ಗ್‌ನ ಇಬ್ಬರು ವೈದ್ಯರು ಹೊಟ್ಟೆಹುಳದ ರೋಗಿಗೆ ನ್ಯಾಫ್ತಲೀನ್ ಎಂದು ಬೇರೇನನ್ನೋ ಕೊಟ್ಟುಬಿಟ್ಟರು. ಹುಳ ಹೋಗಲಿಲ್ಲ, ಜ್ವರ ಇಳಿಯಿತು! ತಪ್ಪಿ ಬಂದ ಆ ವಸ್ತು ಅಸಿಟನಿಲೈಡ್. ಅದು ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಬದಲಾಗಿ ಕೆಲಸ ಮಾಡುತ್ತದೆಂದು 1948ರಲ್ಲಿ ಗೊತ್ತಾಯಿತು. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂತು. ಇವು ಹೇಗೆ ಜ್ವರ ಇಳಿಸುತ್ತವೆ ಎಂಬುದು ಮಾತ್ರ ತಿಳಿದಿರಲಿಲ್ಲ. ದೇಹ ತಯಾರಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಆಸ್ಪಿರಿನ್ ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ.

ಮರುಭೂಮಿಯ ಹಲ್ಲಿ ಹೇಳಿದ್ದು

ಹಾಗಾದರೆ ಜ್ವರದಿಂದ ಲಾಭವಿದೆಯೇ? ಇದನ್ನು ಮನುಷ್ಯರಲ್ಲಿ ಪರೀಕ್ಷಿಸುವುದು ಕಷ್ಟ. ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನಗಳನ್ನು ಆರಿಸಿಕೊಂಡರು. ಇವು ಹಲ್ಲಿಯ ಜಾತಿಯವು. ಇವುಗಳ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಹೋಗಬೇಕು, ತಂಪು ಬೇಕಾದರೆ ನೆರಳಿಗೆ. ಬ್ಯಾಕ್ಟೀರಿಯಾ ಸೋಂಕು ತಗಲಿದ ಇಗುವಾನಗಳು ತಾವಾಗಿಯೇ ಹೆಚ್ಚು ಬಿಸಿಯ ಜಾಗ ಹುಡುಕಿಕೊಂಡು ಹೋಗಿ ಮೈಬಿಸಿಯನ್ನು ಸುಮಾರು ಎರಡು ಡಿಗ್ರಿ ಏರಿಸಿಕೊಂಡವು. 1975ರ ಪ್ರಯೋಗದಲ್ಲಿ ಸೋಂಕಿತ ಪ್ರಾಣಿಗಳನ್ನು ಬೇರೆ ಬೇರೆ ಬಿಸಿಯ ಗೂಡುಗಳಲ್ಲಿ ಇಟ್ಟರು. ತಂಪಿನಲ್ಲಿದ್ದವು ಬೇಗ ಸತ್ತವು, ಬಿಸಿಯಲ್ಲಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು. ಮರುವರ್ಷ ಜ್ವರ ಇಳಿಸುವ ಔಷಧ ಕೊಟ್ಟು ನೋಡಿದರು. ಔಷಧದಿಂದ ಜ್ವರ ಏರಿಸಿಕೊಳ್ಳಲಾಗದವು ಸತ್ತವು. ಔಷಧವನ್ನೂ ಮೀರಿ ಜ್ವರ ಏರಿಸಿಕೊಂಡವು ಉಳಿದವು.

ಮೀನುಗಳಲ್ಲೂ ಕೀಟಗಳಲ್ಲೂ ಇಂಥದೇ ವರ್ತನೆ ಕಂಡುಬಂದಿದೆ. ಇಷ್ಟೊಂದು ಜೀವಿಗಳು ಕೋಟ್ಯಂತರ ವರ್ಷಗಳಿಂದ ಉಳಿಸಿಕೊಂಡು ಬಂದ ಗುಣ ನಿರುಪಯೋಗಿಯಾಗಿರಲಾರದು. ಏಕೆಂದರೆ ಜ್ವರ ದುಬಾರಿ. ಮೈ ಒಂದು ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ ದೇಹ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿಯನ್ನು ಅಧಿಕವಾಗಿ ಖರ್ಚು ಮಾಡಬೇಕು.

ಈ ಕೆಲಸ ನಡೆಯುವ ಕ್ರಮ ಈಗ ಸಾಕಷ್ಟು ತಿಳಿದಿದೆ. ಕಾವಲು ಕೋಶಗಳ ಮೈಮೇಲೆ ರೋಗಾಣುಗಳ ಗುರುತು ಹಿಡಿಯುವ ಗ್ರಾಹಕಗಳಿವೆ. ಇವುಗಳ ಶೋಧಕ್ಕೆ 2011ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗುರುತು ಸಿಕ್ಕ ಕೂಡಲೇ ಕೋಶಗಳು ಸೈಟೋಕೈನ್ ಎಂಬ ಸಂದೇಶ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಸಂದೇಶ ಮಿದುಳಿನ ಹೈಪೋಥಲಾಮಸ್ ತಲುಪಿದಾಗ ಅಲ್ಲಿ ಪ್ರೋಸ್ಟಗ್ಲಾಂಡಿನ್ ತಯಾರಾಗಿ ಉಷ್ಣದ ಮಟ್ಟ ಮೇಲೇರುತ್ತದೆ. ಬಿಸಿಯಲ್ಲಿ ಕೆಲವು ರೋಗಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆ. ನೆಗಡಿಯ ರೈನೋವೈರಸ್ ಮೂಗಿನ ತಂಪಿನಲ್ಲಿ ಬೆಳೆಯುವಷ್ಟು ಚೆನ್ನಾಗಿ ಬಿಸಿಯಲ್ಲಿ ಬೆಳೆಯದು. ಬಿಳಿ ಕಣಗಳು ಚುರುಕಾಗುತ್ತವೆ. ಇದೇ ಹೊತ್ತಿಗೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ರಕ್ತದಲ್ಲಿನ ಕಬ್ಬಿಣಾಂಶವನ್ನು ಬಚ್ಚಿಡುತ್ತದೆ. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಕಬ್ಬಿಣ ಬೇಕು. ಮುತ್ತಿಗೆ ಹಾಕಿದ ಸೈನ್ಯಕ್ಕೆ ಧಾನ್ಯ ಸಿಗದಂತೆ ಕಣಜ ಮುಚ್ಚುವ ಉಪಾಯವಿದು. ಜ್ವರದಲ್ಲಿ ಊಟ ಸೇರದಿರುವುದು, ಮೈ ಭಾರವಾಗಿ ಮಲಗೋಣವೆನಿಸುವುದು ಕೂಡಾ ಇದೇ ಸಂದೇಶಗಳ ಪರಿಣಾಮ.

ಬೆಂಕಿ ಮಿತಿಮೀರಿದಾಗ

ಇಷ್ಟಾದ ಮೇಲೆ, ಜ್ವರ ಬಂದರೆ ಬರಲಿ, ಒಳ್ಳೆಯದೇ ಎಂದು ಕೈಕಟ್ಟಿ ಕೂರಬಹುದೇ? ಇಲ್ಲ. ಚರಿತ್ರೆಯ ಉಳಿದರ್ಧ ಅದನ್ನೇ ಹೇಳುತ್ತದೆ.

1917ರಲ್ಲಿ ವಿಯೆನ್ನಾದ ಜೂಲಿಯಸ್ ವಾಗ್ನರ್ ಯಾವುರೆಗ್, ಸಿಫಿಲಿಸ್ ಮಿದುಳಿಗೆ ಏರಿ ಹುಚ್ಚು ಹಿಡಿದಿದ್ದ ಒಂಬತ್ತು ರೋಗಿಗಳಿಗೆ ಬೇಕೆಂದೇ ಮಲೇರಿಯಾ ತಗಲಿಸಿದರು. ಮಲೇರಿಯಾದ ಜ್ವರ ಸಿಫಿಲಿಸನ್ನು ಹಿಮ್ಮೆಟ್ಟಿಸಲಿ, ಅನಂತರ ಕ್ವಿನೈನ್ ಕೊಟ್ಟು ಮಲೇರಿಯಾ ವಾಸಿ ಮಾಡೋಣ ಎಂಬುದು ಲೆಕ್ಕ. ಕೆಲವರು ಚೇತರಿಸಿಕೊಂಡರು. 1927ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಚಿಕಿತ್ಸೆ ಹಲವು ದೇಶಗಳಿಗೆ ಹರಡಿತು, ಚಿಕಿತ್ಸೆಯ ಜ್ವರಕ್ಕೇ ಬಲಿಯಾದವರೂ ಬಹಳ ಮಂದಿ. ಪೆನಿಸಿಲಿನ್ ಬಂದ ಮೇಲೆ ಈ ಪದ್ಧತಿ ಮರೆಯಾಯಿತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದ ರೋಗಿಗಳ ಮೇಲೆ ಹೀಗೆ ಮಾಡಬಹುದಿತ್ತೇ ಎಂಬ ಪ್ರಶ್ನೆ ಮರೆಯಾಗಿಲ್ಲ.

ಸೋಂಕಿನ ವಿರುದ್ಧದ ಪ್ರತಿಕ್ರಿಯೆಯೇ ಅಂಕೆ ತಪ್ಪಿ ಸ್ವಂತ ಅಂಗಾಂಗಗಳನ್ನು ಕೆಡಿಸುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವುಗಳಿಗೆ ಸೆಪ್ಸಿಸ್‌ನ ಸಂಬಂಧವಿತ್ತೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹಾಗಾದರೆ ಉರಿಯೂತದ ಸಂದೇಶವನ್ನೇ ತಡೆದರೆ? ಟಿ.ಎನ್.ಎಫ್. ಎಂಬ ಸೈಟೋಕೈನನ್ನು ತಡೆಯುವ ಔಷಧಗಳನ್ನು 1990ರ ದಶಕದಲ್ಲಿ ಸೆಪ್ಸಿಸ್ ರೋಗಿಗಳಿಗೆ ಕೊಟ್ಟು ನೋಡಿದರು. ನಿರೀಕ್ಷಿಸಿದ ಫಲ ಬರಲಿಲ್ಲ. ಅದೇ ಬಗೆಯ ಔಷಧ ಸಂಧಿವಾತದ ರೋಗಿಗಳಿಗೆ ವರವಾಯಿತು. ಆದರೆ 2001ರಲ್ಲಿ ಎಚ್ಚರಿಕೆಯ ವರದಿ ಬಂತು. ಈ ಔಷಧ ಪಡೆದ ಕೆಲವರಲ್ಲಿ ಒಳಗೆ ಮಲಗಿದ್ದ ಕ್ಷಯ ಎದ್ದುಕೂತಿತ್ತು. ಎಷ್ಟೋ ವರ್ಷಗಳಿಂದ ಕ್ಷಯದ ರೋಗಾಣುವನ್ನು ಸುತ್ತುವರಿದು ಕಾಯುತ್ತಿದ್ದದ್ದು ಅದೇ ಉರಿಯೂತವಾಗಿತ್ತು.

ಕೋವಿಡ್ ಕಾಲದಲ್ಲಿ ಈ ಪಾಠವನ್ನು ನಾವೆಲ್ಲ ಕಣ್ಣಾರೆ ಕಂಡೆವು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದ ಫಲಿತಾಂಶ ಹೊರಬಂತು. ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೆಯ ಸ್ಟಿರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇಕಡಾ 41ರಿಂದ 29ಕ್ಕೆ ಇಳಿಯಿತು. ಆದರೆ ಆಮ್ಲಜನಕದ ಅಗತ್ಯವೇ ಇರದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ಅವರಲ್ಲಿ ಸಾವು ಕಡಿಮೆಯಾಗುವ ಬದಲು ತುಸು ಹೆಚ್ಚೇ ಕಂಡುಬಂತು. ಔಷಧ ಒಂದೇ. ಬೆಂಕಿ ಮಿತಿಮೀರಿದವನಿಗೆ ಅದು ಜೀವದಾನ. ಒಲೆಯಲ್ಲಿ ಉರಿಯಬೇಕಾದಷ್ಟೇ ಉರಿಯುತ್ತಿದ್ದವನಿಗೆ ಅದು ಉಪಕಾರವಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಸ್ಟಿರಾಯ್ಡ್ ಅಗತ್ಯ ಮೀರಿ ಬಳಕೆಯಾಯಿತು. ಮಧುಮೇಹವೂ ಸೇರಿಕೊಂಡು ಕಪ್ಪು ಶಿಲೀಂಧ್ರ ರೋಗ ಹಬ್ಬಿತು. 2021ರ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಕಣ್ಣು ಕಳೆದುಕೊಂಡವರು ಕರ್ನಾಟಕದಲ್ಲೂ ಇದ್ದಾರೆ.

ಈಗ ಮತ್ತೆ ಆ ಮಗುವಿನ ಹಾಸಿಗೆಯ ಬಳಿಗೆ ಬರೋಣ. ತಂದೆ ತಂದ ಪ್ಯಾರಾಸಿಟಮಾಲ್ ಅಪರಾಧವಲ್ಲ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಅಧ್ಯಯನವೊಂದರಲ್ಲಿ, ತೀವ್ರ ನಿಗಾ ಘಟಕದಲ್ಲಿದ್ದ ಸುಮಾರು 700 ಜ್ವರಪೀಡಿತರಿಗೆ ಪ್ಯಾರಾಸಿಟಮಾಲ್ ಕೊಟ್ಟರೂ ಬಿಟ್ಟರೂ ಗುಣವಾಗುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮಗು ನೋವಿನಿಂದ ನರಳುತ್ತಿದ್ದರೆ, ನೀರು ಕುಡಿಯಲೂ ಆಗದಿದ್ದರೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟು ಆರಾಮ ನೀಡುವುದು ಸರಿ. ಆದರೆ ಥರ್ಮಾಮೀಟರಿನ ಅಂಕಿ ಇಳಿದ ಮಾತ್ರಕ್ಕೆ ರೋಗ ಇಳಿಯಿತೆಂದು ತಿಳಿಯುವುದು ತಪ್ಪು. ಡೆಂಗಿಯಲ್ಲಿ ಅನೇಕ ಸಲ ಅಪಾಯ ಶುರುವಾಗುವುದೇ ಜ್ವರ ಬಿಟ್ಟ ಮೇಲೆ. ಮಕ್ಕಳ ವೈರಲ್ ಜ್ವರಕ್ಕೆ ಆಸ್ಪಿರಿನ್ ಕೊಡುವುದು, ಉಳಿದುಹೋದ ಆ್ಯಂಟಿಬಯಾಟಿಕ್ ನುಂಗಿಸುವುದು, ಅಂಗಡಿಯವನು ಕೊಟ್ಟನೆಂದು ಸ್ಟಿರಾಯ್ಡ್ ತಿನ್ನಿಸುವುದು ಹಿಂದಿನವರು ರಕ್ತ ಹರಿಸಿದ್ದಕ್ಕಿಂತ ಬಹಳ ಬೇರೆಯೇನಲ್ಲ. ಹಾಗೆಯೇ ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದಾಗ, ಮಗು ಮಂಕಾಗಿ ಸ್ಪಂದಿಸದಿದ್ದಾಗ, ಫಿಟ್ಸ್ ಬಂದಾಗ, ಉಸಿರಾಟ ಏರಿದಾಗ, ಜ್ವರ ಮೈಗೆ ಒಳ್ಳೆಯದೆಂದು ಮನೆಯಲ್ಲಿ ಕಾಯುವುದೂ ಅಷ್ಟೇ ದೊಡ್ಡ ತಪ್ಪು.

ಬೆಂಜಮಿನ್ ರಶ್‌ರಿಗೆ ಕರುಣೆಯಿತ್ತು, ಧೈರ್ಯವಿತ್ತು, ವಿದ್ಯೆಯೂ ಇತ್ತು. ಇಲ್ಲದಿದ್ದುದು ತನ್ನ ಗುರುಗಳ ಮಾತನ್ನೂ ತನ್ನ ನಂಬಿಕೆಯನ್ನೂ ಹಾಸಿಗೆಯಲ್ಲಿರುವ ರೋಗಿಯ ಎದುರು ಇಟ್ಟು ಪರೀಕ್ಷಿಸುವ ಅಭ್ಯಾಸ. ಅವರಿಗಿಂತ ಒಂಬೈನೂರು ವರ್ಷ ಹಿಂದೆ ಬಗ್ದಾದಿನ ಆಸ್ಪತ್ರೆಯೊಂದರಲ್ಲಿ ಆ ಅಭ್ಯಾಸ ಇತ್ತು. ರಾಝಿಯವರ ಹೆಸರು ಹೇಳಿ ಹೆಮ್ಮೆಪಡುವವರೂ ಚರಕರ ಹೆಸರು ಹೇಳಿ ಹೆಮ್ಮೆಪಡುವವರೂ ಅವರಿಂದ ಮೊದಲು ಕಲಿಯಬೇಕಾದದ್ದು, ಮದ್ದಿನ ಪಟ್ಟಿಗಿಂತ ಮುಂಚೆ, ರೋಗಿಯನ್ನು ಹತ್ತಿರ ಕುಳಿತು ನೋಡುವ ಆ ತಾಳ್ಮೆಯನ್ನು.